ಎರಡು ಮಳೆಗಾಲ ಕಳೆದ ನನ್ನ ಕ್ಯಾಸೆಟ್ ಡಬ್ಬಿ: ಹಾಡುತ್ತದೆ, ಆದರೆ ಕೇಳಿಸಿಕೊಳ್ಳುವುದಿಲ್ಲ

ಹಳೇ ಕಂಪ್ಯೂಟರಿಗೆ ಕ್ಯಾಸೆಟ್ಟಿನ ಬದಲು ಆಟಗಳನ್ನು ಲೋಡ್ ಮಾಡುವ ಈ ಡಬ್ಬಿ ಮಾಡಿ ಎರಡು ಮಳೆಗಾಲ ಆಯಿತು. ಮಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ವಯಸ್ಸನ್ನು ಮಳೆಗಾಲದಲ್ಲೇ ಎಣಿಸಬೇಕು. ಬೇಸಿಗೆಯಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ನಮ್ಮ ಮನೆಯಲ್ಲಿ ಒಂದು ಝಡ್‌ಎಕ್ಸ್ ಸ್ಪೆಕ್ಟ್ರಂ ಪ್ಲಸ್ ಉಂಟು, ಟಿವಿಗೆ ಜೋಡಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಲೋಡ್ ಮಾಡುವ ಎಂಬತ್ತರ ದಶಕದ ಕಂಪ್ಯೂಟರ್. 1987ರಲ್ಲಿ ಮಾವ ಬಹರೈನ್‌ನಿಂದ ತಂದದ್ದು. ಆಗ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಅಲ್ಲಿಂದ ನೇರ ವಿಮಾನ ಇರಲಿಲ್ಲ, ಬೊಂಬಾಯಿಯಲ್ಲಿ ಇಳಿದು ಬಸ್ಸು ಹಿಡಿದು ಬಂದಿದ್ದ. ಕಂಪ್ಯೂಟರನ್ನು ಇಡೀ ದಾರಿ ತೊಡೆಯ ಮೇಲೇ ಇಟ್ಟುಕೊಂಡಿದ್ದನಂತೆ. ಕಂಪ್ಯೂಟರ್ ಇಂದಿಗೂ ಗಟ್ಟಿ. ಹಾಳಾದದ್ದು ಅದರ ಜೊತೆಗಿದ್ದ ಟೇಪ್ ರೆಕಾರ್ಡರ್. ಬೆಲ್ಟು ಕರಗಿ ಟಾರಿನಂತೆ ಪುಲ್ಲಿಗೆ ಅಂಟಿಕೊಂಡಿತ್ತು. ಕ್ಯಾಸೆಟ್‌ಗಳ ಮೇಲೆ ಬಿಳಿ ಬೂಷ್ಟು. ಹಾಗಾಗಿ ಕ್ಯಾಸೆಟ್ಟಿನ ಜಾಗಕ್ಕೆ ಬೇರೇನಾದರೂ ಮಾಡಲೇಬೇಕಿತ್ತು.

ಕಂಪ್ಯೂಟರಿನ ಹಿಂದಿನ ಕನೆಕ್ಟರಿಗೆ ಸಿಕ್ಕಿಸುವ, ಮೆಮೊರಿ ಕಾರ್ಡಿನಿಂದ ಆಟ ಓದುವ ಡಿವ್‌ಎಂಎಂಸಿ ಎಂಬ ಸಾಮಾನು ಸಿಗುತ್ತದೆ. ಅದರಲ್ಲಿ ಆಟ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಲೋಡ್ ಆಗುತ್ತದೆ. ಆದರೆ ಹೊರದೇಶದಿಂದ ತರಿಸುವ ಖರ್ಚು ನನ್ನ ಕೈಗೆ ಜಾಸ್ತಿ. ಮತ್ತೆ, ನನಗೆ ಆ ಕೀರಲು ಶಬ್ದ ಬೇಕಿತ್ತು. ಶಬ್ದ ಇಲ್ಲದೆ ಲೋಡ್ ಆಗುವ ಸ್ಪೆಕ್ಟ್ರಂ ನನಗೆ ಪರಿಚಯವೇ ಇಲ್ಲ. ಅದಕ್ಕೇ ಟಿಝಡ್‌ಎಕ್ಸ್‌ಡುಯಿನೋ ಮಾಡಿದೆ. ಎಸ್‌ಡಿ ಕಾರ್ಡಿನಲ್ಲಿರುವ ಫೈಲನ್ನು ಓದಿ, ಕ್ಯಾಸೆಟ್ಟಿನಿಂದ ಬರುವಂಥದ್ದೇ ಶಬ್ದವನ್ನು ಇಯರ್ ಜಾಕಿಗೆ ಕಳಿಸುವ ಪುಟ್ಟ ಸಾಮಾನು.

ಕಟ್ಟುವ ವಿವರ ಬೇಗ ಹೇಳಿ ಮುಗಿಸುತ್ತೇನೆ. ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್, ಎಸ್‌ಡಿ ಕಾರ್ಡಿನ ಮಾಡ್ಯೂಲ್, ಒಂದು ಇಂಚಿಗೂ ಕಮ್ಮಿಯ ಓಎಲ್‌ಇಡಿ ಪರದೆ, ಐದು ಬಟನ್, ಎಲ್‌ಎಂ386 ಆಂಪ್ಲಿಫೈಯರ್. ಎಲ್ಲ ಸೇರಿ 1200 ರೂಪಾಯಿ ದಾಟಲಿಲ್ಲ. ಆಂಪ್ಲಿಫೈಯರ್ ಬೇಡ ಅನ್ನುವವರಿದ್ದಾರೆ. ಹಾಕಿ. ಸ್ಪೆಕ್ಟ್ರಂಗೆ ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ. ಡಬ್ಬಿಗೆ ಹಳೇ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಕವರನ್ನೇ ಬಳಸಿದೆ. ನ್ಯಾನೋದ ಪಿನ್ನುಗಳನ್ನು ಹಾಕದೆ ವಯರನ್ನು ನೇರವಾಗಿ ಬೆಸುಗೆ ಹಾಕಿದರೆ ಮಾತ್ರ ಮುಚ್ಚಳ ಮುಚ್ಚುತ್ತದೆ. ಮುಚ್ಚಿದಾಗ ಬಂದ ಆ "ಟಕ್" ಶಬ್ದಕ್ಕೆ ಅವತ್ತು ರಾತ್ರಿ ಎಷ್ಟು ಸಲ ತೆರೆದು ಮುಚ್ಚಿದೆನೋ ಲೆಕ್ಕವಿಲ್ಲ.

ಭಾನುವಾರ ಸಂಜೆ ಇದು ನಮ್ಮ ಮನೆಯ ಕ್ರಮ. ಮೊದಲು ಜಾಕಿನ ತುದಿಯನ್ನು ಬಟ್ಟೆಯಿಂದ ಒರೆಸಬೇಕು, ಕಡಲ ಗಾಳಿಗೆ ವಾರದೊಳಗೆ ಹಸಿರು ಕಿಲುಬು ಬರುತ್ತದೆ. ಆಮೇಲೆ ಜೆ ಕೀ (ಅದೊಂದು ಒತ್ತಿದರೆ ಲೋಡ್ ಎಂಬ ಇಡೀ ಪದ ಬರುತ್ತದೆ), ಸಿಂಬಲ್ ಶಿಫ್ಟ್ ಹಿಡಿದು ಪಿ ಎರಡು ಸಲ, ಎಂಟರ್. ಡಬ್ಬಿಯಲ್ಲಿ ಪ್ಲೇ. ಐದು ಸೆಕೆಂಡು ಒಂದೇ ಸ್ವರದ ಉದ್ದ ಕೂಗು, ಟಿವಿಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟಿ ಸರಿಯುತ್ತವೆ. ಆಮೇಲೆ ಡೇಟಾ ಬರುವಾಗ ನೀಲಿ ಹಳದಿ ಗೆರೆಗಳು ದಡಬಡ. ಸೊನ್ನೆಗೆ ಗಿಡ್ಡ ಮಿಡಿತ, ಒಂದಕ್ಕೆ ಅದರ ಎರಡರಷ್ಟು ಉದ್ದದ್ದು, ಅಷ್ಟೇ ಇದರ ಗುಟ್ಟು. ಸೆಕೆಂಡಿಗೆ ಸುಮಾರು 1500 ಬಿಟ್. 48ಕೆ ಮೆಮೊರಿ ತುಂಬುವ ಆಟಕ್ಕೆ ಐದು ನಿಮಿಷ ಹತ್ತಿರ ಹಿಡಿಯುತ್ತದೆ, ಅಷ್ಟರಲ್ಲಿ ಗೋಳಿಬಜೆ ಒಂದು ಸುತ್ತು ಎಣ್ಣೆಯಿಂದ ಮೇಲೆ ಬರುತ್ತದೆ. ಮೊದಲು ಮೊಬೈಲಿನಿಂದಲೂ ಲೋಡ್ ಮಾಡಿ ನೋಡಿದ್ದೆ. ಮೂರನೇ ನಿಮಿಷಕ್ಕೆ ಒಂದು ಮೆಸೇಜಿನ "ಟಿಂಗ್", "ಆರ್ ಟೇಪ್ ಲೋಡಿಂಗ್ ಎರರ್", ಮತ್ತೆ ಮೊದಲಿನಿಂದ. ಡಬ್ಬಿಯಲ್ಲಿ ಆ ಕಿರಿಕಿರಿ ಇಲ್ಲ. ಎರಡು ವರ್ಷದಲ್ಲಿ ಒಳ್ಳೆಯ ಫೈಲ್ ಒಂದೂ ನನಗೆ ಕೈಕೊಟ್ಟಿಲ್ಲ.

ತೊಂದರೆಗಳೇ ಇಲ್ಲ ಅಂತಲ್ಲ. ಮೊಬೈಲ್ ಚಾರ್ಜರಿನಿಂದ ಕರೆಂಟ್ ಕೊಟ್ಟರೆ ಶಬ್ದದ ಅಡಿಯಲ್ಲಿ "ಗುಂಯ್" ಅಂತ ಬರುತ್ತದೆ. ಪವರ್ ಬ್ಯಾಂಕ್ ಹಾಕಿದೆ. ಡಬ್ಬಿ ಎಳೆಯುವ ಕರೆಂಟ್ ತೀರಾ ಕಮ್ಮಿ, ಹಾಗಾಗಿ ಯಾವುದೂ ಸಿಕ್ಕಿಸಿಲ್ಲ ಅಂದುಕೊಂಡು ಪವರ್ ಬ್ಯಾಂಕ್ ತಾನೇ ಆರಿಹೋಗುತ್ತಿತ್ತು. ಕೊನೆಗೆ ರೀಚಾರ್ಜ್ ಆಗುವ ಪೆನ್ಸಿಲ್ ಸೆಲ್ ನಾಲ್ಕು, 4.8 ವೋಲ್ಟ್, ಸಮಸ್ಯೆ ಮುಗಿಯಿತು. ಮೊದಲ ಮಳೆಗಾಲದಲ್ಲಿ ಬಟನ್ನುಗಳು ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಮಾಡತೊಡಗಿದವು. ಬದಲಾಯಿಸಿದೆ. ಈಗ ಡಬ್ಬಿಯನ್ನು ಸಿಲಿಕಾ ಜೆಲ್ ಹಾಕಿದ ಬಿಸ್ಕೆಟ್ ಡಬ್ಬದಲ್ಲಿ ಇಡುತ್ತೇನೆ.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದೇ. ಇದರಲ್ಲಿ ಸೇವ್ ಮಾಡಲು ಆಗುವುದಿಲ್ಲ.

ಕಟ್ಟುವಾಗ ಗೊತ್ತಿತ್ತು, ಆದರೆ ಲಕ್ಷ್ಯ ಕೊಟ್ಟಿರಲಿಲ್ಲ. ನನಗೆ ಬೇಕಾದದ್ದು ಹಳೇ ಆಟಗಳು, ಬರೆಯುವವರು ಯಾರು ಅಂದುಕೊಂಡಿದ್ದೆ. ಎಂಟನೇ ಕ್ಲಾಸಿನ ಮಗಳು ಬರೆಯಲು ಕೂತಳು. ಸ್ಪೆಕ್ಟ್ರಂನಲ್ಲಿ ಎಂಟು ಸಾಲು ಎಂಟು ಚುಕ್ಕಿಯ ಚಿತ್ರಗಳನ್ನು ನಾವೇ ಮಾಡಿಕೊಳ್ಳಬಹುದು, ಅದರಲ್ಲಿ ಅವಳು ಕಂಬಳದ ಕೋಣಗಳ ಜೋಡಿ ಮಾಡಿದಳು. ಹಿಂದೆ ಓಡಿಸುವವನು, ಕಾಲಡಿಯಲ್ಲಿ ಕೆಸರಿನ ಚುಕ್ಕಿಗಳು. ಎರಡು ಸಂಜೆ ಕೂತು ಟೈಪ್ ಮಾಡಿದ್ದು. ನಡುವೆ ಒಂದು ರಾತ್ರಿ ಕಂಪ್ಯೂಟರನ್ನು ಆರಿಸದೆ ಹಾಗೇ ಇಟ್ಟಿದ್ದಳು. ಎರಡನೇ ದಿನ ನಾನು ಬರುವ ಮೊದಲೇ ತಾನೇ ಸೇವ್ ಕೊಟ್ಟಳು. "ಟೇಪ್ ಶುರು ಮಾಡಿ, ಕೀ ಒತ್ತಿ" ಅಂತ ಇಂಗ್ಲಿಷಿನಲ್ಲಿ ಬಂತು. ಡಬ್ಬಿಯ ಪ್ಲೇ ಒತ್ತಿ ಕೀ ಒತ್ತಿದಳು. ಗೆರೆಗಳು ಓಡಿದವು. ಕೊನೆಗೆ "0 ಓಕೆ" ಬಂತು. ಕಂಪ್ಯೂಟರನ್ನು ಆರಿಸಿದಳು.

ಸ್ಪೆಕ್ಟ್ರಂಗೆ ಆಚೆ ತುದಿಯಲ್ಲಿ ಕ್ಯಾಸೆಟ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದು ಮೈಕ್ ಜಾಕಿನಲ್ಲಿ ಹೇಳಿ ಮುಗಿಸಿ ಓಕೆ ಅನ್ನುತ್ತದೆ, ಕೇಳಿಸಿಕೊಂಡವರು ಯಾರೂ ಇರಬೇಕೆಂದಿಲ್ಲ. ಈ ಡಬ್ಬಿಗೆ ಕಿವಿಯೇ ಇಲ್ಲ, ಬಾಯಿ ಮಾತ್ರ. ಅವತ್ತು ಮಗಳು ಅಳಲಿಲ್ಲ. "ಅಪ್ಪಾ, ಓಕೆ ಅಂತ ಬಂದಿತ್ತಲ್ವಾ?" ಅಂತ ಮೂರು ಸಲ ಕೇಳಿದಳು. ನನಗೆ ಡಬ್ಬಿಯ ಮೇಲೆ ನಿಜವಾಗಿ ಸಿಟ್ಟು ಬಂದದ್ದು ಆವಾಗಲೇ. ಮನೆಯಲ್ಲಿ ಪ್ರೋಗ್ರಾಂ ಬರೆಯುವ ಮಕ್ಕಳಿದ್ದರೆ ಇದೊಂದನ್ನೇ ನಂಬಿ ಕೂರಬೇಡಿ. ಸೇವ್ ಮಾಡಿದ ಮೇಲೆ, ಟೇಪಿಗೆ ಹೋದದ್ದು ಸರಿಯಿದೆಯೇ ಅಂತ ನೋಡುವ ವೆರಿಫೈ ಕೊಡುವ ಅಭ್ಯಾಸವನ್ನೂ ಮೊದಲ ದಿನವೇ ಮಾಡಿಸಿ.

ಹೀಗೆ ಹಳೇ ಟೇಪ್ ರೆಕಾರ್ಡರಿಗೇ ವಾಪಸ್ ಹೋಗಬೇಕಾಯಿತು. ಹಂಪನಕಟ್ಟೆ ಕಡೆ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರು ಡ್ರಾಯರಿನಲ್ಲಿ ಹುಡುಕಿ ಸರಿಯಾದ ಅಳತೆಯ ಬೆಲ್ಟು ಕೊಟ್ಟರು, ದುಡ್ಡು ಮಾತ್ರ ತಗೊಳ್ಳಲಿಲ್ಲ. ಹೆಡ್ಡನ್ನು ಸ್ಪಿರಿಟಿನಿಂದ ಒರೆಸಿದೆ. ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಮಂಕಾಗಿದ್ದ ಶಬ್ದ ಒಂದು ಕಡೆ ಫಕ್ಕನೆ ಹರಿತವಾಗುತ್ತದೆ. ಅಲ್ಲಿ ನಿಲ್ಲಿಸಬೇಕು. ಪರೀಕ್ಷೆಗೆಂದು ಮಾವನ ಕ್ಯಾಸೆಟ್ಟುಗಳಲ್ಲಿ ಬೂಷ್ಟು ಕಮ್ಮಿ ಇದ್ದದ್ದೊಂದನ್ನು ಹಾಕಿ, ಲ್ಯಾಪ್‌ಟಾಪಿಗೆ ಜೋಡಿಸಿ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿದೆ.

ಕೀರಲು ಶುರುವಾಗುವ ಮೊದಲು ಮಾವನ ದನಿ ಬಂತು. "ತೆಂಗಿನಕಾಯಿ ಲೆಕ್ಕ. ಒಂಜಿ, ರಡ್ಡ್, ಮೂಜಿ." ತುಳುವಿನಲ್ಲಿ ಒಂದು, ಎರಡು, ಮೂರು. ಆಗಿನ ರೆಕಾರ್ಡರಿನಲ್ಲಿ ವಯರು ಸಿಕ್ಕಿಸುವ ತನಕ ಒಳಗಿನ ಮೈಕ್ ಕೆಲಸ ಮಾಡುತ್ತಿರುತ್ತದೆ. ಅವನು ಪ್ರೋಗ್ರಾಮಿನ ಹೆಸರು ಹೇಳಿ ಆಮೇಲೆ ವಯರು ಹಾಕುತ್ತಿದ್ದ. ಮೂಜಿ ಅಂದ ಮೇಲೆ, ದೂರದಲ್ಲಿ, ಅಡುಗೆಮನೆ ಕಡೆಯಿಂದ ಅಜ್ಜಿ. "ಒಣಸ್‌ಗ್ ಬಲಾ." ಊಟಕ್ಕೆ ಕರೆಯುತ್ತಿದ್ದಾಳೆ. ಆಮೇಲೆ ಕ್ಲಿಕ್, ವಯರು ಹಾಕಿದ ಶಬ್ದ. ಅಜ್ಜಿ ಹೋಗಿ ಇಪ್ಪತ್ತಾರು ವರ್ಷ. ಅವಳ ಫೋಟೋ ನಾಲ್ಕೈದು ಇವೆ, ದನಿ ಎಲ್ಲೂ ಇರಲಿಲ್ಲ. ನಾನು ಅಮ್ಮನನ್ನು ಕರೆದೆ. ಅಮ್ಮ ಬಂದು ಎರಡು ಸಲ ಕೇಳಿ, ಏನೂ ಹೇಳದೆ, ಅಲ್ಲೇ ಕುರ್ಚಿ ಎಳೆದುಕೊಂಡು ಕೂತರು.

ಟೇಪಿನಿಂದ ನೇರ ಲೋಡ್ ಮಾಡಲು ನೋಡಿದರೆ ನಡುವೆ ಶಬ್ದ ಕುಸಿದು ಎರರ್ ಬರುತ್ತಿತ್ತು. ಪುಣ್ಯಕ್ಕೆ ಮಾವ ಎರಡು ಸಲ ಸೇವ್ ಮಾಡಿಟ್ಟಿದ್ದ, ಎರಡನೆಯದು ಸರಿಯಾಗಿತ್ತು. ಅದನ್ನು ಡಬ್ಬಿ ಓದುವ ಟಿಝಡ್‌ಎಕ್ಸ್ ಫೈಲ್ ಮಾಡಿ ಡಬ್ಬಿಗೆ ಹಾಕಿದೆ. ಮೊದಲ ಸಲವೇ ಲೋಡ್ ಆಯಿತು. ಆದರೆ ಫೈಲ್ ಮಾಡುವ ತಂತ್ರಾಂಶ ಬಿಟ್ಟುಗಳನ್ನು ಮಾತ್ರ ಹೆಕ್ಕಿಕೊಳ್ಳುತ್ತದೆ. ಅದರ ಲೆಕ್ಕದಲ್ಲಿ ಮಾವನ ಮಾತು, ಅಜ್ಜಿಯ ಕೂಗು ಎಲ್ಲ ಕಸ. ಹಳೇ ಕ್ಯಾಸೆಟ್ ಇರುವವರಿಗೆ ನಾನು ಕೈಮುಗಿದು ಹೇಳುವುದು ಇಷ್ಟೇ: ಮೊದಲು ಇಡೀ ಕ್ಯಾಸೆಟ್ಟನ್ನು, ಎರಡೂ ಬದಿ, ಖಾಲಿ ಅನ್ನಿಸಿದ ಜಾಗವನ್ನೂ ಬಿಡದೆ, ವೇವ್ ಫೈಲಾಗಿ ರೆಕಾರ್ಡ್ ಮಾಡಿಡಿ. ಫೈಲ್ ಬದಲಾಯಿಸುವುದು ಆಮೇಲೆ.

ಈಗ ಸೇವ್ ಮಾಡುವುದು ಹೀಗೆ. ಇಯರ್ ವಯರು ತೆಗೆದು, ಮೈಕ್ ವಯರು ಹಾಕಿ ಟೇಪಿಗೆ ರೆಕಾರ್ಡ್, ಅಲ್ಲೇ ವೆರಿಫೈ, ಆಮೇಲೆ ಲ್ಯಾಪ್‌ಟಾಪ್, ಅಲ್ಲಿಂದ ಕಾರ್ಡು, ಕಾರ್ಡಿನಿಂದ ಡಬ್ಬಿ. ಸುತ್ತು ದಾರಿ. ಕಂಬಳವನ್ನು ಮಗಳು ಮತ್ತೆ ಬರೆದಳು, ಈ ಸಲ ಕೋಣಗಳಿಗೆ ಕೊಂಬು ಚೆನ್ನಾಗಿ ಬಂದಿದೆ. ಪ್ರತಿ ಪ್ರೋಗ್ರಾಮಿನ ಮೊದಲು ತನ್ನ ಹೆಸರು, ತಾರೀಕು ಹೇಳುತ್ತಾಳೆ. ನಾನು ಹೇಳಿಕೊಟ್ಟದ್ದಲ್ಲ.

ಡಬ್ಬಿಯನ್ನು ಯಾರಾದರೂ ಕೇಳಿದರೆ ಮಾಡಿ ಅನ್ನುತ್ತೇನೆ, ಈ ದುಡ್ಡಿಗೆ ಇಷ್ಟು ಗಟ್ಟಿಯಾಗಿ ಕೆಲಸ ಮಾಡುವ ಬೇರೆ ದಾರಿ ನನಗೆ ಕಂಡಿಲ್ಲ. ಟೇಪ್ ರೆಕಾರ್ಡರನ್ನು ಮಾತ್ರ ಎಸೆಯಬೇಡಿ.

ಕಳೆದ ಭಾನುವಾರ ಅಮ್ಮ ತೆಂಗಿನಕಾಯಿ ಲೆಕ್ಕ ಹಾಕು ಅಂದರು. ಮಗಳು ಮೊದಲು ಮೊಬೈಲಿನಲ್ಲಿ ಆ ಹನ್ನೊಂದು ಸೆಕೆಂಡು ಹಾಕಿದಳು, ಒಂಜಿ, ರಡ್ಡ್, ಮೂಜಿ, ಒಣಸ್‌ಗ್ ಬಲಾ, ಕ್ಲಿಕ್. ಆ ಕ್ಲಿಕ್ಕಿಗೇ ಸರಿಯಾಗಿ ಡಬ್ಬಿಯ ಪ್ಲೇ ಒತ್ತಿದಳು. ಕೆಂಪು ತಿಳಿನೀಲಿ ಪಟ್ಟಿ ಓಡಿದವು. ನಿಮಿಷದೊಳಗೆ ಪರದೆಯ ಮೇಲೆ 1987ರ ಮೇ ತಿಂಗಳು, ಹದಿನೆಂಟು ಮರ, 412 ಕಾಯಿ. ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಂದು ಸಾಲು ಸಾಲಾಗಿ ಓದಿದರು. "ಬಾವಿಕಟ್ಟೆ ಮರದ್ದನ್ನು ಅವ ಸೇರಿಸಲೇ ಇಲ್ಲ," ಅಂದರು.