ಗಾಲ್ಫ್ ಕಾರ್ಟ್ ಟೈರಿನ ನಿಧಾನ ಸೋರಿಕೆ: ಸೀಲಂಟ್, ಪ್ಲಗ್, ಟ್ಯೂಬ್‌ಗಳಲ್ಲಿ ಯಾವುದು?

ಮೊದಲು ಟೈರಿಗೆ 20–22 ಪಿಎಸ್‌ಐ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ವಾಲ್ವಿನ ಬಾಯಲ್ಲಿ ಎದ್ದರೆ ಪಿನ್ (ವಾಲ್ವಿನೊಳಗೆ ಗಾಳಿ ತಡೆಯುವ ಪುಟ್ಟ ತಿರುಪು) ಬಿಗಿ ಮಾಡಿ, ನಿಲ್ಲದಿದ್ದರೆ ಬದಲಿಸಿ. ಮುಂದಿನ ಖರ್ಚೇ ಬೇಡ.

ಮೊಳೆ ಚುಚ್ಚಿದ ಜಾಗ ಟ್ರೆಡ್ಡಿನಲ್ಲಿ (ನೆಲಕ್ಕೆ ತಾಗುವ ಭಾಗದಲ್ಲಿ) ಇದ್ದು, ತೂತು 6 ಮಿ.ಮೀ. ಒಳಗಿದ್ದರೆ ಪ್ಲಗ್ (ತೂತಿಗೆ ತುರುಕುವ ರಬ್ಬರ್ ತುಂಡು) ಸಾಕು. ಪಕ್ಕದ ಗೋಡೆಗೆ ಬೇಡ, ಅದು ಮಡಚಿ ಬಿಡಿಸಿಕೊಳ್ಳುವುದರಿಂದ ಪ್ಲಗ್ ನಿಲ್ಲುವುದಿಲ್ಲ.

ಟೈರಿನೊಳಗೆ ಸುರಿದು ತೂತು ಮುಚ್ಚಿಸುವ ದ್ರವ, ಅಂದರೆ ಸೀಲಂಟ್, ಅಗ್ಗ, ಚಕ್ರ ಬಿಚ್ಚಬೇಕಿಲ್ಲ. ಪಿನ್ ತೆಗೆದು ಸುರಿದು, ಗಾಳಿ ತುಂಬಿ, ತಕ್ಷಣ ಕಾರ್ಟ್ ಓಡಿಸಿ; ನಿಂತಲ್ಲೇ ಬಿಟ್ಟರೆ ಕೆಳಗೇ ಕೂರುತ್ತದೆ. ಕಾರ್ಟಿನ ವೇಗಕ್ಕೆ ಬ್ಯಾಲೆನ್ಸ್ ಚಿಂತೆ ಇಲ್ಲ. ಆದರೆ ಒಂದೆರಡು ವರ್ಷದಲ್ಲಿ ಒಣಗುತ್ತದೆ, ಮುಂದೆ ಟೈರ್ ಬಿಚ್ಚುವವರು ಶಪಿಸುತ್ತಾರೆ.

ಹಳೆಯ ಕಾರ್ಟ್‌ಗಳಲ್ಲಿ ನಿಜವಾದ ಕಳ್ಳ ಸಾಮಾನ್ಯವಾಗಿ ರಿಮ್ಮಿನ ಅಂಚು. ಉಕ್ಕು ತುಕ್ಕು ಹಿಡಿದು ಟೈರ್ ಕೂರುವ ಜಾಗ ಒರಟಾಗುತ್ತದೆ. ಅಲ್ಲಿ ಸೀಲಂಟ್ ತಾತ್ಕಾಲಿಕ. ಟೈರ್ ಬಿಡಿಸಿ, ವೈರ್ ಬ್ರಷ್‌ನಲ್ಲಿ ಉಜ್ಜಿ, ಬೀಡ್ ಸೀಲರ್ (ಟೈರಿನ ಒಳಅಂಚು ರಿಮ್ಮಿಗೆ ಕೂರುವಲ್ಲಿ ಸಂದು ಮುಚ್ಚುವ ಲೇಪ) ಹಚ್ಚಿ ಮತ್ತೆ ಕೂರಿಸಿ. 8 ಇಂಚಿನ ಪುಟ್ಟ ರಿಮ್ಮಿನ ಮೇಲೆ ಟೈರ್ ಕೂರದೆ ಹಠ ಮಾಡಿದರೆ ಟ್ರೆಡ್ ಸುತ್ತ ರ‍್ಯಾಚೆಟ್ ಪಟ್ಟಿ ಬಿಗಿದು, ಪಿನ್ ತೆಗೆದು ಗಾಳಿ ತುಂಬಿ. ಟೈರಿನ ಮೇಲೆ ಬರೆದ ಗರಿಷ್ಠ ಒತ್ತಡ ಮೀರಬೇಡಿ, ಟೈರ್ ಕೂರಿಸಲು ಒಳಗೆ ಸ್ಪ್ರೇ ಹೊಡೆದು ಬೆಂಕಿ ಹಚ್ಚುವ ಸಾಹಸವಂತೂ ಬೇಡವೇ ಬೇಡ.

ರಿಮ್ಮೇ ಗುಳಿ ಬಿದ್ದಿದ್ದರೆ ಟ್ಯೂಬ್ ಹಾಕಿ, ಇಲ್ಲವೇ ರಿಮ್ ಬದಲಿಸಿ. ಟ್ಯೂಬಿಗೆ ಮೊಳೆ ಚುಚ್ಚಿದರೆ ಗಾಳಿ ಒಮ್ಮೆಲೇ ಹೋಗುತ್ತದೆ, ಆದ್ದರಿಂದ ಹೊಸ ರಿಮ್ಮೇ ಮೇಲು.