ಬರವಣಿಗೆ ಕಲಿಸಲು ಮೂರು ದಾರಿ: 13ರ ಮಗನ ಜೊತೆ ನಾವು ಮಾಡಿ ನೋಡಿದ್ದು

ಐದನೇ ಕ್ಲಾಸಿನ ನಂತರ ನನ್ನ ಮಗನ ಓದು ಮನೆಯಲ್ಲೇ. ಈಗ ಅವನಿಗೆ 13 ವರ್ಷ. ಗಣಿತಕ್ಕೆ, ವಿಜ್ಞಾನಕ್ಕೆ ಪುಸ್ತಕ ಆರಿಸುವುದು ಅಷ್ಟೇನೂ ಕಷ್ಟ ಆಗಲಿಲ್ಲ. ತಲೆನೋವಾಗಿದ್ದು ಬರವಣಿಗೆ.

ಕಳೆದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿ ಕಡೆಯ ನನ್ನ ತವರಿಗೆ ಹೋಗಿದ್ದೆವು. ಮೈಸೂರಿಗೆ ವಾಪಸ್ ಬಂದ ರಾತ್ರಿ ಅವನು ಅಪ್ಪನ ಮುಂದೆ ಕೂತು ಇಪ್ಪತ್ತು ನಿಮಿಷ ಮಾತಾಡಿದ. ಮರ ಹತ್ತಿ ಅಡಿಕೆ ಕೊನೆ (ಗೊನೆ) ಕೊಯ್ಯುವ ಕೊನೆಗಾರ ಕೆಳಗೆ ಇಳಿಯದೆ ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟಿದ್ದು, ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತರೆ ಕೈ ಕಾಣದಷ್ಟು ಬೇಗ ಸುಲಿಯುವುದು, ತನ್ನ ಬೆರಳಿಗೆ ಹತ್ತಿದ ಕಪ್ಪು ಕಲೆ ಮೂರು ದಿನ ಹೋಗದೇ ಇದ್ದದ್ದು. ಎಷ್ಟು ಚೆನ್ನಾಗಿ ಹೇಳ್ತಾನೆ ಅಂತ ನನಗೆ ಖುಷಿ. ಮರುದಿನ ಅದನ್ನೇ ಬರಿ ಅಂದೆ. ಬರೆದುಕೊಟ್ಟದ್ದು ಇಷ್ಟು: “ನಾವು ಅಜ್ಜಿ ಮನೆಗೆ ಹೋದೆವು. ಅಲ್ಲಿ ಅಡಿಕೆ ಕೊಯ್ದರು. ಚೆನ್ನಾಗಿತ್ತು. ಆಮೇಲೆ ವಾಪಸ್ ಬಂದೆವು.”

ಇಂಗ್ಲಿಷಿನಲ್ಲಿ ಬರಿ ಅಂದರೂ ಅದೇ ನಾಲ್ಕು ಸಾಲು. ಹಾಗಾಗಿ ಭಾಷೆ ತೊಡಕಲ್ಲ ಅಂತ ಗೊತ್ತಾಯಿತು. ಬಾಯಲ್ಲಿ ಇರುವುದು ಕಾಗದಕ್ಕೆ ಇಳಿಯುತ್ತಿಲ್ಲ.

ಮೊದಲು ಒಂದು ಆನ್‌ಲೈನ್ ಕ್ಲಾಸಿಗೆ ಸೇರಿಸಿದೆವು. ಏನು ಬರೆದು ಕಳಿಸಿದರೂ ಒಂದು ಸ್ಟಾರ್, ಒಂದು ‘ವೆರಿ ಗುಡ್’. ಎರಡು ತಿಂಗಳಿಗೆ ಬಿಡಿಸಿದೆವು. ಆಮೇಲೆ ಹೋಂಸ್ಕೂಲ್ ಮಾಡುವ ಬೇರೆ ಮನೆಯವರಿಂದ ಪುಸ್ತಕ ಎರವಲು ತಂದು, ಕೆಲವನ್ನು ಕೊಂಡು, ಮೂರು ಪದ್ಧತಿಗಳನ್ನು ಒಂದಾದ ಮೇಲೊಂದು ಹಿಡಿದೆವು. ಒಂದೊಂದಕ್ಕೆ ಹನ್ನೆರಡು ವಾರ. ಮೂರೂ ಅಮೆರಿಕದವು, ಇಂಗ್ಲಿಷಿನವು. ಆದರೆ ಪ್ರತಿ ಪಾಠವನ್ನೂ ನಾನು ಕನ್ನಡದಲ್ಲೂ ಮಾಡಿಸಿದೆ. ಹಾಗೆ ಮಾಡಿದ್ದೇ ಒಳ್ಳೆಯದಾಯಿತು, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲನೆಯದು ಇನ್‌ಸ್ಟಿಟ್ಯೂಟ್ ಫಾರ್ ಎಕ್ಸಲೆನ್ಸ್ ಇನ್ ರೈಟಿಂಗ್ ಅವರ ಕೋರ್ಸ್. ಹೋಂಸ್ಕೂಲ್ ಮನೆಗಳಲ್ಲಿ ಐಇಡಬ್ಲ್ಯು ಅಂದರೇ ಗೊತ್ತಾಗೋದು. ಒಟ್ಟು ಒಂಬತ್ತು ಘಟ್ಟ. ಟಿಪ್ಪಣಿ ಮಾಡುವುದರಿಂದ ಶುರುವಾಗಿ, ಕತೆ ತಿರುಗಿ ಹೇಳುವುದು, ಚಿತ್ರ ನೋಡಿ ಬರೆಯುವುದು, ಎರಡು ಮೂರು ಕಡೆಯ ಮಾಹಿತಿ ಸೇರಿಸಿ ಬರೆಯುವುದು, ಪ್ರಬಂಧ, ಕೊನೆಗೆ ವಿಮರ್ಶೆ. ವಿಡಿಯೋದಲ್ಲಿ ಮೇಷ್ಟ್ರು ಪಾಠ ಮಾಡುತ್ತಾರೆ, ಹಾಗಾಗಿ ತಾಯಿ ತಂದೆಗೆ ಕೆಲಸ ಕಮ್ಮಿ.

ಇದರ ಜೀವ ಇರುವುದು ಮೊದಲ ಘಟ್ಟದಲ್ಲಿ. ಒಂದು ಚಿಕ್ಕ ಪ್ಯಾರಾ ಓದಬೇಕು. ಪ್ರತಿ ವಾಕ್ಯದಿಂದ ಹೆಚ್ಚೆಂದರೆ ಮೂರು ಪದ ಆರಿಸಿ ಬರೆದುಕೊಳ್ಳಬೇಕು. ಪುಸ್ತಕ ಮುಚ್ಚಬೇಕು. ಆ ಪದ ನೋಡುತ್ತಾ ಬಾಯಲ್ಲಿ ಹೇಳಬೇಕು, ಆಮೇಲೆ ಬರೆಯಬೇಕು. ‘ಇಬ್ಬನಿ ಆರುವ ಮೊದಲು ಕೊನೆಗಾರ ಮರ ಹತ್ತುವುದಿಲ್ಲ, ಕಾಲು ಜಾರುತ್ತದೆ’ ಅಂತ ನಾನು ಬರೆದುಕೊಟ್ಟ ಸಾಲಿಗೆ ಮಗ ಆರಿಸಿದ್ದು: ಇಬ್ಬನಿ, ಕೊನೆಗಾರ, ಜಾರು. ಅದರಿಂದ ಅವನೇ ಕಟ್ಟಿದ ವಾಕ್ಯ ನನ್ನದಕ್ಕಿಂತ ಚೆನ್ನಾಗಿತ್ತು: “ಮರದ ಮೈಮೇಲೆ ಇಬ್ಬನಿ ಇದ್ದರೆ ಕೊನೆಗಾರನೂ ಜಾರುತ್ತಾನೆ, ಅದಕ್ಕೆ ಬಿಸಿಲಿಗೆ ಕಾಯುತ್ತಾನೆ.” ಬಿಳಿ ಹಾಳೆ ಕಂಡರೆ ಅವನಿಗಿದ್ದ ಹೆದರಿಕೆ ನಾಲ್ಕೇ ವಾರಕ್ಕೆ ಹೋಯಿತು. ಏನು ಬರೆಯಲಿ ಅಂತ ಕೇಳುವುದು ನಿಂತಿತು.

ಆಮೇಲೆ ನಾನೊಂದು ತಪ್ಪು ಮಾಡಿದೆ. ವಾಕ್ಯ ಚೆಂದ ಮಾಡಲು ಈ ಕೋರ್ಸಿನಲ್ಲಿ ಕೆಲವು ಅಲಂಕಾರಗಳಿವೆ. ಒಂದು ಕ್ರಿಯಾವಿಶೇಷಣ, ಒಂದು ಗಟ್ಟಿ ಕ್ರಿಯಾಪದ, ‘ಏಕೆಂದರೆ’ ಇರುವ ಒಂದು ವಾಕ್ಯ, ಹೀಗೆ. ಒಂದು ಚೆನ್ನಾಗಿ ಕೈಗೆ ಹತ್ತಿದ ಮೇಲೆ ಇನ್ನೊಂದು ಸೇರಿಸಿ ಅಂತ ಅವರು ಸ್ಪಷ್ಟವಾಗಿ ಹೇಳುತ್ತಾರೆ. ನಾನು ಅವಸರ ಮಾಡಿ ಎಲ್ಲವನ್ನೂ ಒಟ್ಟಿಗೆ ಹಾಕಿಸಿದೆ. ಒಂದು ದಿನ ಬರೆದು ಮುಗಿಸಿ ಅವನು ಹೇಳಿದ, “ಅಮ್ಮಾ, ಇದು ನಾನು ಬರೆದಿದ್ದು ಅನ್ಸಲ್ಲ.” ಓದಿ ನೋಡಿದೆ. ಸರಿಯಾಗೇ ಇತ್ತು, ಆದರೆ ಅವನ ದನಿ ಇರಲಿಲ್ಲ. ಆ ಮಾತು ನನಗೆ ತುಂಬಾ ದಿನ ಕಾಡಿತು.

ಅದೇ ಕಾರಣಕ್ಕೆ ಎರಡನೆಯದಾಗಿ ಬ್ರೇವ್ ರೈಟರ್ ದಾರಿ ಹಿಡಿದೆವು. ಇದು ಪೂರ್ತಿ ಬೇರೆ. ಮಗು ಏನು ಹೇಳಬೇಕು ಅಂದುಕೊಂಡಿದೆಯೋ ಅದು ಮೊದಲು, ವ್ಯಾಕರಣ ಆಮೇಲೆ. ಶುಕ್ರವಾರದ ಫ್ರೀರೈಟ್ ಇದರ ಮುಖ್ಯ ಅಭ್ಯಾಸ. ಟೈಮರ್ ಇಟ್ಟು ಬರೆಯಬೇಕು, ಪೆನ್ನು ನಿಲ್ಲಿಸಬಾರದು, ತಿದ್ದಬಾರದು. ನಾವು ಹತ್ತು ನಿಮಿಷ ಇಟ್ಟೆವು. ನಾನೂ ಅವನ ಎದುರು ಕೂತು ಬರೆಯುತ್ತಿದ್ದೆ.

ಎರಡನೇ ಶುಕ್ರವಾರ ಅವನು ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ ಬರೆದ. ಅಡಿಕೆ ಬೇಯಿಸುವ ಹಂಡೆಯ ಹತ್ತಿರ ನಿಂತರೆ ಬರುವ ವಾಸನೆ, ಅಟ್ಟದ ಮೇಲೆ ಕಾಲಿಟ್ಟಾಗ ಜಾರುವ ಅಡಿಕೆ. ‘ಚೊಗರು’ (ಅಡಿಕೆ ಬೇಯಿಸಿದ ಕೆಂಪು ನೀರು) ಅನ್ನುವ ಪದಕ್ಕೆ ಇಂಗ್ಲಿಷ್ ಸಿಗದೆ ಹಾಗೇ ಬಿಟ್ಟಿದ್ದ. ವರ್ಷದ ಹಿಂದೆ ಅಪ್ಪನ ಮುಂದೆ ಹೇಳಿದ ಹುಡುಗ ಕಾಗದದ ಮೇಲೆ ಬಂದಿದ್ದ. ಆ ಹಾಳೆಯನ್ನು ನಾನು ಈಗಲೂ ಎತ್ತಿಟ್ಟಿದ್ದೇನೆ.

ನಮಗೆ ಸಾಲದೇ ಬಂದದ್ದು ಎಲ್ಲಿ ಅಂದರೆ ಜೋಡಣೆಯಲ್ಲಿ. ಬರೆದದ್ದು ತುಂಬಿ ತುಳುಕುತ್ತಿತ್ತು, ಆದರೆ ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತಾಗುತ್ತಿರಲಿಲ್ಲ. ತಿದ್ದಿ ರೂಪ ಕೊಡುವ ಹಂತ ಇದರಲ್ಲೂ ಇದೆ. ಅಲ್ಲಿ ಪಕ್ಕದಲ್ಲಿ ಕೂತು ಮಾತಾಡುತ್ತಾ ನಡೆಸಬೇಕಾದವರು ನಾವೇ. ಬರೆದು ಅಭ್ಯಾಸ ಇರುವ ತಾಯಿ ತಂದೆಗೆ ಇದು ಹಬ್ಬ. ಬ್ಯಾಂಕ್ ಕೆಲಸ ಮುಗಿಸಿ ಬರುವ ನನಗೆ ಪ್ರತಿ ವಾರ ಹೊಸದಾಗಿ ದಾರಿ ಹುಡುಕುವುದು ಆಗಲಿಲ್ಲ.

ಮೂರನೆಯದು ಕ್ಲಾಸಿಕಲ್ ಅಕಾಡೆಮಿಕ್ ಪ್ರೆಸ್‌ನ ರೈಟಿಂಗ್ ಅಂಡ್ ರೆಟರಿಕ್. ಹನ್ನೆರಡು ಪುಸ್ತಕಗಳ ಸಾಲು. ಹಿಂದಿನ ಕಾಲದ ಗ್ರೀಕ್ ಮತ್ತು ರೋಮನ್ ಶಾಲೆಗಳಲ್ಲಿ ಮಾತುಗಾರಿಕೆ ಕಲಿಯುವ ಮುಂಚೆ ಮಕ್ಕಳು ಮಾಡುತ್ತಿದ್ದ ಅಭ್ಯಾಸಗಳೇ ಇದಕ್ಕೆ ಆಧಾರ. ಅವಕ್ಕೆ ಪ್ರೊಜಿಮ್ನಾಸ್ಮಾಟ ಅಂತ ಹೆಸರು. 4ನೇ ಶತಮಾನದ ಗ್ರೀಕ್ ಮೇಷ್ಟ್ರು ಆಫ್ತೋನಿಯಸ್‌ನ ಪಟ್ಟಿಯಲ್ಲಿ ಇಂಥ ಹದಿನಾಲ್ಕು ಇವೆ. ನೀತಿಕತೆ, ಘಟನೆ ಹೇಳುವುದು, ಹಿರಿಯರ ಒಂದು ಮಾತನ್ನು ಬೆಳೆಸುವುದು, ಗಾದೆ ಬೆಳೆಸುವುದು, ಖಂಡಿಸುವುದು, ಸಮರ್ಥಿಸುವುದು, ಹೊಗಳುವುದು, ತೆಗಳುವುದು, ಹೋಲಿಸುವುದು, ಹೀಗೆ ಸಾಗಿ ಕೊನೆಗೆ ಒಂದು ಕಾನೂನಿನ ಪರ ವಿರೋಧ ವಾದ.

ಗಾದೆ ಬೆಳೆಸುವುದು! ನೋಡಿದ ಕೂಡಲೇ ನಕ್ಕುಬಿಟ್ಟೆ. ನಾವು ಎಸ್‌ಎಸ್‌ಎಲ್‌ಸಿ ಕನ್ನಡ ಪೇಪರಿಗೆ ಮಾಡುತ್ತಿದ್ದ ಗಾದೆ ವಿಸ್ತರಣೆ ಅಲ್ವಾ ಇದು? ನಾವಾಗ ‘ಗಾದೆಗಳು ವೇದಕ್ಕೆ ಸಮಾನ’ ಅಂತ ಶುರು ಮಾಡಿ ಅರ್ಧ ಪುಟ ತುಂಬಿಸುತ್ತಿದ್ದೆವು. ಇಲ್ಲಿ ಅದಕ್ಕೆ ಎಂಟು ಮೆಟ್ಟಿಲು ಇದೆ. ಹೇಳಿದವರನ್ನು ಹೊಗಳು, ಮಾತನ್ನು ನಿನ್ನ ಪದಗಳಲ್ಲಿ ಹೇಳು, ಕಾರಣ ಕೊಡು, ಉಲ್ಟಾ ಆದರೆ ಏನಾಗುತ್ತದೆ ಹೇಳು, ಹೋಲಿಕೆ ಕೊಡು, ಉದಾಹರಣೆ ಕೊಡು, ಹಿರಿಯರ ಸಾಕ್ಷಿ ತಾ, ಮುಗಿಸು. ಇಷ್ಟು ಹೇಳಿಕೊಟ್ಟರೆ ಕನ್ನಡದ ಗಾದೆಗೂ ಹಾಗೇ ಕೂರುತ್ತದೆ. ಒಂದು ಅಭ್ಯಾಸದಿಂದ ಎರಡು ಭಾಷೆಯೂ ಬೆಳೆದದ್ದು ಇಲ್ಲಿ.

ಮಗನಿಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಖಂಡಿಸುವ ಪಾಠ. ಈ ವಯಸ್ಸಿನ ಮಕ್ಕಳು ಹೇಗಿದ್ದರೂ ದಿನವಿಡೀ ಎದುರು ಮಾತಾಡುತ್ತಾರೆ. ಅದಕ್ಕೊಂದು ಶಿಸ್ತು ಸಿಕ್ಕಿತು. ‘ಮಾತು ಬೆಳ್ಳಿ, ಮೌನ ಬಂಗಾರ’ ತಗೊಂಡು ಖಂಡಿಸು ಅಂದೆ. ಅವನು ಬರೆದದ್ದು: ಕೊನೆಗಾರ ಮೇಲಿನಿಂದ ಕೊನೆಯನ್ನು ಹಗ್ಗದ ಮೇಲೆ ಬಿಡುವ ಮೊದಲು ಕೆಳಗಿದ್ದವರನ್ನು ಕೂಗುತ್ತಾನೆ. ಅವನು ಬಂಗಾರ ಹಿಡಿದು ಕೂತರೆ ಕೆಳಗಿದ್ದವರ ತಲೆ ಉಳಿಯುವುದಿಲ್ಲ. ಇದನ್ನು ಅಜ್ಜಿಗೆ ಫೋನಿನಲ್ಲಿ ಓದಿ ಹೇಳಿದ. “ಸರಿಯಾಗಿ ಬರ್ದಿದ್ದಿ ಮಾರಾಯ” ಅಂದರು ಅಜ್ಜಿ. ಕೇಳಿ ನನ್ನ ಕಣ್ಣು ತುಂಬಿತು.

ಇದಕ್ಕೆ ಸಮಯ ಬೇಕು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಲವತ್ತು ನಿಮಿಷ ನಾನು ಪಕ್ಕದಲ್ಲಿ ಕೂರುತ್ತೇನೆ. ಆದರೆ ಇವತ್ತು ಏನು ಮಾಡಿಸಲಿ ಅಂತ ಯೋಚಿಸಬೇಕಿಲ್ಲ, ಪುಸ್ತಕವೇ ನಡೆಸುತ್ತದೆ. ಮೊದಲ ಪುಸ್ತಕಗಳು ಚಿಕ್ಕ ಮಕ್ಕಳಿಗೆ ಇರುವಂಥವು. 13ರ ಹುಡುಗನಿಗೆ ನೀತಿಕತೆಯಿಂದ ಶುರು ಮಾಡಿದರೆ ಬೇಜಾರಾಗುತ್ತದೆ. ನಾವು ಖಂಡನೆ ಮತ್ತು ಸಮರ್ಥನೆಯ ಐದನೇ ಪುಸ್ತಕಕ್ಕೇ ಹೋದೆವು. ಹಿಂದಿನ ಪುಸ್ತಕದ ಗಾದೆ ಪಾಠವನ್ನು ಮಾತ್ರ ಜೊತೆಗೆ ಸೇರಿಸಿಕೊಂಡೆವು.

ನನ್ನನ್ನು ಕೇಳಿದರೆ ನಾನು ಮೂರನೆಯದನ್ನೇ ಆರಿಸುತ್ತೇನೆ, ಆರಿಸಿಯೂ ಆಯಿತು. ನಿಮ್ಮ ಮಗು ಹಾಳೆ ಕಂಡರೇ ಅಳುತ್ತದೆ ಅಂದರೆ ಮಾತ್ರ ಮೊದಲು ಆ ಮೂರು ಪದದ ಅಭ್ಯಾಸ ಒಂದೆರಡು ತಿಂಗಳು ಮಾಡಿಸಿ. ಅದಿಲ್ಲದೆ ನೇರ ಇಲ್ಲಿಗೆ ಬಂದಿದ್ದರೆ ನನ್ನ ಮಗ ಖಂಡಿತ ಕೈಚೆಲ್ಲುತ್ತಿದ್ದ. ಶುಕ್ರವಾರದ ಹತ್ತು ನಿಮಿಷವನ್ನೂ ನಾವು ಬಿಟ್ಟಿಲ್ಲ. ಅದು ಅವನದೇ ಜಾಗ. ಅಲ್ಲಿ ನಾನು ಕೆಂಪು ಪೆನ್ನು ಮುಟ್ಟುವುದಿಲ್ಲ.

ಪರೀಕ್ಷೆಯ ಮಾತು ಕೆಲವರು ಕೇಳುತ್ತಾರೆ. ನಾವು ಎನ್‌ಐಒಎಸ್ ಅನ್ನುವ ಸರ್ಕಾರಿ ಮುಕ್ತ ಶಾಲೆಯ ಮೂಲಕ ಹತ್ತನೇ ಕ್ಲಾಸ್ ಮಾಡಿಸುವವರು. ಅದಕ್ಕೆ 14 ತುಂಬಿರಬೇಕು. ಮನೆಯಲ್ಲೇ ಬರೆದು ಕೊಡುವ ಅಸೈನ್‌ಮೆಂಟಿಗೇ 20 ಪರ್ಸೆಂಟ್ ಅಂಕ ಇದೆ. ಇಂಗ್ಲಿಷ್, ಕನ್ನಡ ಎರಡನ್ನೂ ತಗೊಳ್ತಾನಂತೆ. ಪತ್ರ ಬರೆಯುವ ರೀತಿ, ವರದಿ ಬರೆಯುವ ರೀತಿ ಈ ಯಾವ ಕೋರ್ಸನ್ನೂ ನೆಚ್ಚಿಕೊಂಡು ಕಲಿಯುವಂಥದ್ದಲ್ಲ, ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಒಂದು ತಿಂಗಳಲ್ಲಿ ಮಾಡಿಸಬಹುದು.

ಈ ವಾರ ಹೊಗಳಿಕೆಯ ಪಾಠ ಶುರುವಾಗಿದೆ. ಒಬ್ಬ ವ್ಯಕ್ತಿಯನ್ನು ಆರಿಸಿ ಅವರ ಹುಟ್ಟು, ಬೆಳೆದ ರೀತಿ, ಮಾಡಿದ ಕೆಲಸ ಹೇಳಿ ಹೊಗಳಬೇಕು. ಗಾಂಧೀಜಿನೋ ಕುವೆಂಪುನೋ ತಗೊಳ್ತಾನೆ ಅಂದುಕೊಂಡಿದ್ದೆ. ಅವನು ಅಜ್ಜಿ ಮನೆಯ ಕೊನೆಗಾರನನ್ನು ಆರಿಸಿದ್ದಾನೆ. ಅವರು ಎಷ್ಟನೇ ವಯಸ್ಸಿಗೆ ಮರ ಹತ್ತಲು ಕಲಿತರು ಅಂತ ಕೇಳಲು ನಿನ್ನೆ ಊರಿಗೆ ಫೋನ್ ಮಾಡಿದ್ದ.