ಕಂಪ್ಯೂಟರ್ ರಿಪೇರಿಗೆ ಕೊಡುವ ಮೊದಲು ಪರದೆಯಲ್ಲಿ ಬಂದದ್ದನ್ನು ಎರಡು ಸಲ ಓದಿ: ನನಗಾದ ಮೋಸ

ಮೊದಲೇ ಹೇಳಿಬಿಡುತ್ತೇನೆ, ನಾನು ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಪರೀಕ್ಷೆಯ ದಿನ ಕೊಠಡಿ ಕೊಠಡಿಗೆ ಹೋಗಿ, “ಪ್ರಶ್ನೆಯನ್ನು ಎರಡು ಸಲ ಓದಿ, ಆಮೇಲೆ ಪೆನ್ನು ಹಿಡಿಯಿರಿ” ಎನ್ನುತ್ತಿದ್ದವನು. ಅಂಥವನು ಕಣ್ಣೆದುರಿನ ಪರದೆಯಲ್ಲಿ ಸ್ಪಷ್ಟವಾಗಿ ಬರೆದಿದ್ದನ್ನು ಕಾಗದಕ್ಕೂ ಇಳಿಸಿಕೊಂಡು, ಅದನ್ನು ನಂಬದೆ ಅಂಗಡಿಯವನ ಮಾತು ನಂಬಿ 7,900 ರೂಪಾಯಿ ತೆತ್ತು ಬಂದೆ. ಹಣ ಹೋಯಿತು, ಅದರ ಜೊತೆಗೆ ಮಗನ ಕಾರ್ಡೂ ಹೋಯಿತು. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯವರು ದಯವಿಟ್ಟು ಪೂರ್ತಿ ಓದಿ.

ಕಂಪ್ಯೂಟರ್ ಮಗನದು. ಗೇಮ್ ಆಡಲೆಂದು 2017ರಲ್ಲಿ ಬಿಡಿ ಭಾಗಗಳನ್ನು ತರಿಸಿ ತಾನೇ ಜೋಡಿಸಿದ್ದ. ಒಳಗೆ ಜಿಟಿಎಕ್ಸ್ 1060 ಎಂಬ, ಇಟ್ಟಿಗೆಯಂಥ ಗ್ರಾಫಿಕ್ಸ್ ಕಾರ್ಡ್, ಅಂದರೆ ಪರದೆಗೆ ಚಿತ್ರ ಕಳುಹಿಸುವ ಭಾಗ. ಶಾರ್ಜಾಕ್ಕೆ ಹೊರಟಾಗ “ಅಪ್ಪಾ, ಇದು ನಿಮ್ಮ ಟೈಪಿಂಗಿಗೆ ಇರಲಿ” ಎಂದು ಬಿಟ್ಟು ಹೋದ. ಭಜನಾ ಮಂದಿರದ ಆಮಂತ್ರಣ ಪತ್ರಿಕೆ, ಯಕ್ಷಗಾನದ ಕರಪತ್ರ, ಇಂಥವನ್ನೆಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಪ್ರೆಸ್ಸಿಗೆ ಕಳುಹಿಸುವುದು ನಿವೃತ್ತಿಯ ನಂತರ ನನ್ನ ಕೆಲಸ. ಸಂಬಳವಿಲ್ಲ, ಚಹಾ ಇದೆ.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಇರುವೆಗಳು ಮನೆಯೊಳಗೆ ಬರುವುದು ನಮಗೆಲ್ಲ ಗೊತ್ತಿದ್ದದ್ದೇ. ಈ ಸಲ ಅವು ಕಂಪ್ಯೂಟರಿನ ಕ್ಯಾಬಿನೆಟ್ಟಿಗೇ ಸಾಲು ಕಟ್ಟಿದವು. ಬದಿಯ ತಗಡು ಬಿಚ್ಚಿ, ಪೈಂಟಿನ ಬ್ರಷ್ಷಿನಲ್ಲಿ ಗುಡಿಸಿದೆ. ಕೈಗೆ ಅಡ್ಡ ಬಂದ ಒಂದು ಕಪ್ಪು ವಯರನ್ನು ಕಿತ್ತು, ಗುಡಿಸಿ ಆದ ಮೇಲೆ ಮತ್ತೆ ಸಿಕ್ಕಿಸಿದೆ. ಸಿಕ್ಕಿಸಿದೆ ಎಂದುಕೊಂಡೆ.

ಸ್ವಿಚ್ ಹಾಕಿದರೆ ಕಪ್ಪು ಪರದೆ, ಅದರ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು. ಕನ್ನಡದಲ್ಲಿ ಹೇಳುವುದಾದರೆ: “ದಯವಿಟ್ಟು ಕಂಪ್ಯೂಟರನ್ನು ಆಫ್ ಮಾಡಿ, ಈ ಗ್ರಾಫಿಕ್ಸ್ ಕಾರ್ಡಿಗೆ ಪಿಸಿಐಇ ಪವರ್ ಕೇಬಲ್ ಜೋಡಿಸಿ.” ಇಷ್ಟೇ. ಕೇಬಲ್ ಜೋಡಿಸಿ. ಇದಕ್ಕಿಂತ ಬಿಡಿಸಿ ಯಾವ ಯಂತ್ರ ಹೇಳೀತು? ಆದರೆ ಚೌತಿಯ ಆಮಂತ್ರಣ ಶುಕ್ರವಾರದೊಳಗೆ ಪ್ರೆಸ್ಸಿಗೆ ಹೋಗಬೇಕಿತ್ತು, ಸಮಿತಿಯ ಅಧ್ಯಕ್ಷರು ಅದಾಗಲೇ ಎರಡು ಸಲ ಫೋನ್ ಮಾಡಿದ್ದರು. ಇನ್ನು ನಾನು ಕೈ ಹಾಕಿದರೆ ಇದ್ದದ್ದೂ ಹೋದೀತು ಎಂಬ ಹೆದರಿಕೆಯಲ್ಲಿ ಆಟೋ ಕರೆಸಿ, ಪ್ಲಾಸ್ಟಿಕ್ ಹೊದೆಸಿ, ಪೇಟೆಯ ಒಂದು ಅಂಗಡಿಗೆ ಒಯ್ದೆ. ಹೆಸರು ಬರೆಯುವುದಿಲ್ಲ.

ಮಾತುಕತೆ ನಡೆದದ್ದು ಮಲಯಾಳದಲ್ಲಿ, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಆ ಎರಡು ಸಾಲು ಬರೆದುಕೊಂಡಿದ್ದ ನನ್ನ ಚೀಟಿಯನ್ನು ನೋಡಿ ಅಂಗಡಿಯವನು ನಕ್ಕ. “ಮಾಷೇ (ಮೇಷ್ಟ್ರೇ), ಇದು ಕಂಪೆನಿಯವರು ಎಲ್ಲದಕ್ಕೂ ಹಾಕಿಡುವ ಮಾತು. ನಿಜವಾದ ರೋಗ ಬೇರೆಯೇ ಇರುತ್ತದೆ. ಇಟ್ಟು ಹೋಗಿ.”

ಸಂಜೆ ಫೋನ್. “ಮಾಷೇ, ಸಿಡಿಲಿನ ಪೆಟ್ಟು. ಕಾರ್ಡ್ ಸುಟ್ಟಿದೆ. ಬೋರ್ಡಿನಲ್ಲಿ ಕಾರ್ಡ್ ಕೂರುವ ಸ್ಲಾಟಿಗೂ ತಾಗಿದೆ.”

“ಈ ವಾರ ನಮ್ಮಲ್ಲಿ ಸಿಡಿಲೇ ಇರಲಿಲ್ಲವಲ್ಲ?” ಎಂದೆ. ನಮಗೆ ಸಿಡಿಲಿನ ಕಾಲ ತುಲಾ ಮಾಸ (ಅಕ್ಟೋಬರ್-ನವೆಂಬರ್), ಆಟಿಯಲ್ಲಿ ಬರೀ ನೀರು.

“ಲೈನಿನಲ್ಲಿ ದೂರದಿಂದಲೂ ಬರುತ್ತದೆ ಮಾಷೇ.”

ಒಪ್ಪಿಕೊಂಡೆ. ಬೇರೆ ಕಾರ್ಡಿಗೆ 4,200, ಸ್ಲಾಟ್ ರಿಪೇರಿಗೆ 2,500, ಸರ್ವಿಸ್ 1,200. ಮರುದಿನ ಹೋಗಿ ಮೊಬೈಲಿನಲ್ಲೇ ಪಾವತಿಸಿದೆ. ಬಿಲ್ ಕೇಳಿದಾಗ “ಬಿಲ್ ಎಂದರೆ ಮೇಲೆ ಶೇಕಡಾ 18 ಜಿಎಸ್‌ಟಿ ಆಗುತ್ತದೆ, ನಿಮಗೆ ಯಾಕೆ ಮಾಷೇ” ಎಂದ. ಹಳೆಯ ಕಾರ್ಡ್ ಎಲ್ಲಿ ಎಂದರೆ, “ಸುಟ್ಟ ಮಾಲು, ಇ-ತ್ಯಾಜ್ಯ. ಮನೆಯಲ್ಲಿಟ್ಟು ಏನು ಮಾಡುತ್ತೀರಿ? ನಾವೇ ವಿಲೇವಾರಿ ಮಾಡುತ್ತೇವೆ.” ನಾನು ಏನೆಂದೆ ಗೊತ್ತೇ? “ಉಪಕಾರವಾಯಿತು” ಎಂದೆ! ಕೈ ಮುಗಿದೂ ಬಂದೆ. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಮನೆಗೆ ತಂದರೆ ಹೊಸ ತಕರಾರು. ಪ್ರತಿ ಸಲ ಆನ್ ಮಾಡಿದಾಗ “ಪಿಎಕ್ಸ್‌ಇ-ಇ61, ಮೀಡಿಯಾ ಟೆಸ್ಟ್ ಫೇಲ್ಯೂರ್, ಚೆಕ್ ಕೇಬಲ್” ಎಂದು ಬರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಮೇಲೆ ವಿಂಡೋಸ್ ತೆರೆಯುತ್ತದೆ. ಅಂಗಡಿಗೆ ಫೋನ್ ಮಾಡಿದೆ. “ಅಯ್ಯೋ ಮಾಷೇ, ಹಾಗಾದರೆ ನೆಟ್‌ವರ್ಕ್ ಕಾರ್ಡೂ ಹೋಗಿದೆ. ಅದೇ ಸಿಡಿಲು. ತನ್ನಿ, 1,800 ಆಗುತ್ತದೆ.”

ಅದೇ ಸಿಡಿಲು! ಹೊಡೆಯದ ಸಿಡಿಲಿಗೆ ಎಷ್ಟು ಕೈ?

ರಾತ್ರಿ ಮಗನಿಗೆ ವೀಡಿಯೊ ಕರೆ ಮಾಡಿ ಪರದೆ ತೋರಿಸಿದೆ. ಅವನು ಹೇಳಿದಂತೆ ಡಿಲೀಟ್ ಕೀ ಒತ್ತಿ ಬಯೋಸ್ (ಕಂಪ್ಯೂಟರಿನ ಮೂಲ ಸೆಟಿಂಗುಗಳ ಪುಟ) ತೆರೆದು ನೋಡಿದರೆ, ವಿಂಡೋಸನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಬೂಟ್ ಆರ್ಡರಿನಲ್ಲಿ ನೆಟ್‌ವರ್ಕ್ ಮೊದಲು, ಹಾರ್ಡ್ ಡಿಸ್ಕ್ ಆಮೇಲೆ. ಅಂಗಡಿಯಲ್ಲಿ ಸೆಟಿಂಗ್ ಅಳಿಸಿದ್ದಿರಬೇಕು. ಕಂಪ್ಯೂಟರ್ ಮೊದಲು ನೆಟ್‌ವರ್ಕಿನಲ್ಲಿ ವಿಂಡೋಸ್ ಹುಡುಕುತ್ತಿತ್ತು, ಕೇಬಲ್ಲೇ ಹಾಕಿರದ ಕಾರಣ ಸಿಗದೆ ಮುಂದೆ ಹೋಗುತ್ತಿತ್ತು. ನೆಟ್‌ವರ್ಕ್ ಕಾರ್ಡಿಗೆ ಏನೂ ಆಗಿರಲಿಲ್ಲ. ಕ್ರಮ ಬದಲಿಸಿ ಎಫ್10 ಒತ್ತಿದೆವು, ಸಂದೇಶ ಮಾಯ. ಖರ್ಚು ಸೊನ್ನೆ.

ಆಗ ಮಗ ಕೇಳಿದ: “ಅಪ್ಪಾ, ಮೊದಲನೇ ಸಲ ಏನೆಂದು ಬಂದಿತ್ತು?” ಚೀಟಿ ಓದಿದೆ. ಅವನು ಸುಮ್ಮನಾದ. ಕರೆ ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ ಮೆತ್ತಗೆ, “ಕಾರ್ಡ್ ಸುಟ್ಟಿದ್ದರೆ ಆ ಅಕ್ಷರಗಳನ್ನು ಪರದೆಗೆ ಕಳುಹಿಸಿದ್ದು ಯಾರು ಅಪ್ಪಾ? ಮಾನಿಟರಿನ ವಯರ್ ಇದ್ದದ್ದು ಆ ಕಾರ್ಡಿನಲ್ಲೇ ಅಲ್ಲವೇ?” ಎಂದ.

ಸತ್ತವನೇ ಎದ್ದು ಬಂದು ತನ್ನ ಸಾವಿನ ಸುದ್ದಿ ಹೇಳಿದ ಹಾಗೆ! ಇಷ್ಟು ಸರಳ ತರ್ಕ ನನಗೆ ಹೊಳೆಯಲಿಲ್ಲವಲ್ಲ.

ಬದಿಯ ತಗಡು ಮತ್ತೆ ಬಿಚ್ಚಿದೆ. ಪವರ್ ಸಪ್ಲೈಯಿಂದ ಬಂದ ಆರು ಪಿನ್ನಿನ ಕನೆಕ್ಟರನ್ನು ಮಡಚಿ, ಬಿಳಿ ಪ್ಲಾಸ್ಟಿಕ್ ಟೈ ಹಾಕಿ ಮೂಲೆಗೆ ಕಟ್ಟಿಟ್ಟಿದ್ದರು, ಎಷ್ಟು ಅಚ್ಚುಕಟ್ಟಾಗಿ! ನಾನು ಅರ್ಧಂಬರ್ಧ ಸಿಕ್ಕಿಸಿದ್ದ ವಯರ್ ಅದೇ. ಮಗ ವಿವರಿಸಿದ: ಸ್ಲಾಟಿನಿಂದ ಹೆಚ್ಚೆಂದರೆ 75 ವ್ಯಾಟ್ ಸಿಗುತ್ತದೆ, 1060ಕ್ಕೆ ಬೇಕಾದದ್ದು 120, ಉಳಿದದ್ದು ಈ ವಯರಿನಿಂದ ಬರಬೇಕು. ಅದು ಬಾರದಿದ್ದಾಗ ಕಾರ್ಡ್ ತಾನೇ ಬಾಯಿ ಬಿಟ್ಟು ಕೇಳುತ್ತದೆ. ಈಗ ಹಾಕಿಕೊಟ್ಟಿರುವುದು ಜಿಟಿ 710, ಅಂಗೈ ಅಗಲದ್ದು, ಅದಕ್ಕೆ ಈ ವಯರೇ ಬೇಡ. ಅದೂ ಯಾರೋ ಬಳಸಿದ್ದು, ಫ್ಯಾನಿನಲ್ಲಿ ಧೂಳು. ಸುಟ್ಟಿತ್ತೆಂದು ಹೇಳಿದ ಸ್ಲಾಟ್? ಇದು ಕೂತಿರುವುದೂ ಅದೇ ಸ್ಲಾಟಿನಲ್ಲಿ.

ಮರುದಿನ ಮೊದಲ ಬಸ್ಸಿಗೆ ಅಂಗಡಿಗೆ ಹೋದೆ. ಅವನ ಉತ್ತರಗಳನ್ನು ಹಾಗೆಯೇ ಕೊಡುತ್ತೇನೆ.

“ನೀವು ಒಪ್ಪಿಯೇ ಕೊಟ್ಟದ್ದಲ್ಲವೇ ಮಾಷೇ?”

“ಕಾರ್ಡ್ ಗುಜರಿಗೆ ಹೋಯಿತು.” ಎರಡು ನಿಮಿಷದ ನಂತರ, “ಕಂಪೆನಿಗೆ ಕಳುಹಿಸಿದ್ದೇವೆ.”

“ಬಿಲ್ ಇದೆಯೇ?”

ಬಿಲ್ ಬೇಡ ಎನ್ನಿಸಿದವನೇ ಬಿಲ್ ಕೇಳುತ್ತಾನೆ! ನನ್ನ ಧ್ವನಿ ಏರಿದಾಗ, ಕೌಂಟರಿನಲ್ಲಿದ್ದ ಬೇರೆ ಗಿರಾಕಿಗಳ ಎದುರು, “ಮಾಷಿಗೆ ವಯಸ್ಸಾಯಿತು, ಮರೆತುಹೋಗಿದೆ” ಎಂದ. ಹಣಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಕೊರೆಯುತ್ತಿದೆ.

ನಿಮಗೆ ಹೇಳುವುದಿಷ್ಟು. ಸಂದೇಶ ಬಂದರೆ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಅದು ಹೇಳಿದ್ದನ್ನು ಮಾಡಿ ನೋಡಿ. ಗೋಡೆಯ ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಿ. ಕಾರ್ಡನ್ನು ಬಿಚ್ಚಿ ಮತ್ತೆ ಕೂರಿಸಿ, ಸ್ಲಾಟಿನ ಕೊಕ್ಕೆ ಟಕ್ ಎನ್ನಬೇಕು, ವಯರಿನ ಕೊಕ್ಕೆಯೂ ಅಷ್ಟೇ. ನಮ್ಮ ಮಳೆಗಾಲದ ತೇವಕ್ಕೆ ಕಾರ್ಡಿನ ಚಿನ್ನದ ಬಣ್ಣದ ಅಂಚು ಮಂಕಾಗುತ್ತದೆ, ಮಕ್ಕಳ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿದರೆ ಸಾಕು. ಪರದೆ ಪೂರ್ತಿ ಕಪ್ಪಾಗಿದ್ದರೆ ಕಿವಿಗೊಡಿ: ಅವಾರ್ಡ್ ಕಂಪೆನಿಯ ಬಯೋಸ್ ಇರುವ ಹಳೆಯ ಯಂತ್ರಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ದೋಷ ಡಿಸ್‌ಪ್ಲೇ ಕಾರ್ಡಿನ ಕಡೆಯದು. ಅಂಗಡಿಗೆ ಕೊಡಲೇಬೇಕಾದರೆ ಕಾರ್ಡಿನ ಸೀರಿಯಲ್ ನಂಬರ್ ಬರೆದಿಡಿ, ಎದುರಿಗೇ ಆನ್ ಮಾಡಿಸಿ, ಸುಟ್ಟ ಮಾಲನ್ನೂ ಕೇಳಿ ತನ್ನಿ. ಜಿಎಸ್‌ಟಿ ಹೋದರೆ ಹೋಗಲಿ, ಬಿಲ್ ಬಿಡಬೇಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಬರೆಯುತ್ತಿದ್ದೇನೆ, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಕೈಯಲ್ಲಿರುವುದು ಮೊಬೈಲ್ ಪಾವತಿಯ ದಾಖಲೆ, ಅಟ್ಟದಲ್ಲಿ ಸಿಕ್ಕಿದ ಕಾರ್ಡಿನ ಖಾಲಿ ಪೆಟ್ಟಿಗೆ, ಅದರ ಮೇಲಿನ ಸೀರಿಯಲ್ ನಂಬರ್. ಆ ಬಿಳಿ ಟೈಯನ್ನೂ ಕತ್ತರಿಸದೆ ಹಾಗೆಯೇ ಬಿಟ್ಟಿದ್ದೇನೆ.

ನಮ್ಮ ಕಡೆ ಯಾರಾದರೂ ಈಚೆಗೆ ಹಳೆಯ 1060 ಕೊಂಡಿದ್ದರೆ, ಫ್ಯಾನಿನ ಪಕ್ಕದಲ್ಲಿ ಯಕ್ಷಗಾನ ಕಿರೀಟದ ಸಣ್ಣ ಸ್ಟಿಕ್ಕರ್ ಇದೆಯೇ ನೋಡಿ. ಅದು ನನ್ನ ಮಗ ಅಂಟಿಸಿದ್ದು.